ಊಟದ ಮೇಜಿನ ಜೋಕು

"ಆಮೇಲೆ ಹೇಳ್ತೀನಿ" ಎಂದು ಹುಡುಗಿ ನಾಲ್ಕನೆಯ ಸಲ ಕೈಸನ್ನೆ ಮಾಡಿದ್ದೇ ತಡ, ಕಿವಿ ಕೇಳದ ಅವಳ ಗೆಳತಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಹುಡುಗಿಯ ಮನೆಯ ಊಟದ ಮೇಜಿನ ಸುತ್ತ ಎಲ್ಲರೂ ಅವಳ ಸೋದರಮಾವನ ಜೋಕಿಗೆ ಬಿದ್ದು ಬಿದ್ದು ನಗುತ್ತಿದ್ದರು.

ಕೈಯಲ್ಲಿ ಮಾತಾಡುವವರು ಕಣ್ಣು ಮುಚ್ಚಿದರೆ ಮುಖದ ಮೇಲೆ ಬಾಗಿಲು ಹಾಕಿದಂತೆ. ಗೆಳತಿಯ ಮನೆಯಲ್ಲಿ ಎಲ್ಲರ ಮಾತೂ ಕೈಯಲ್ಲೇ. ಅಲ್ಲಿ ಊಟಕ್ಕೆ ಹೋದಾಗ ಹುಡುಗಿಗೆ ಅರ್ಥವಾಗುವ ತನಕ ಅಜ್ಜಿ ಕೂಡ ತುತ್ತು ಕೆಳಗಿಟ್ಟು ಮತ್ತೆ ಮತ್ತೆ ಹೇಳುತ್ತಿದ್ದರು. ದೇವರೇ, ನಾನೆಂಥವಳು ಎಂದು ಹುಡುಗಿಗೆ ತನ್ನ ಮೇಲೇ ಸಿಟ್ಟು ಬಂತು.

"ಬಿಡೇ, ಪಾಪ, ಅವಳಿಗೇನು ಗೊತ್ತಾಗತ್ತೆ?" ಎಂದರು ಮಾವ.

ಸಿಟ್ಟು ನೆತ್ತಿಗೇರಿತು. ಗೆಳತಿಯ ಮನೆಯವರು ನೆಲ ಅದುರಿಸಿ ಒಬ್ಬರನ್ನೊಬ್ಬರು ಕರೆಯುವಂತೆ ಹುಡುಗಿ ನೆಲಕ್ಕೆ ಕಾಲು ಅಪ್ಪಳಿಸಿದಳು. ತಟ್ಟೆಗಳು ನಡುಗಿದವು, ನಗು ನಿಂತಿತು, ಗೆಳತಿ ಕಣ್ಣು ತೆರೆದಳು.

"ಮೈಮೇಲೆ ಏನಾದ್ರೂ ಬಂತೇನೇ?" ಮಾವ ಬೆಚ್ಚಿದರು.

ಹುಡುಗಿ ಎರಡೂ ಕೈ ಎತ್ತಿ ಸಿದ್ಧಳಾದಳು. "ಜೋಕು ಮೊದಲಿಂದ ಹೇಳಿ ಮಾವ, ನಿಧಾನಕ್ಕೆ. ಇವಳೂ ನಗ್ಬೇಕು."