ಮೂವರೂ ಒಟ್ಟಿಗೆ ನೋಡಿದ ಮನೆ

ಹಸಿ ಸುಣ್ಣದ ವಾಸನೆ ಬಂದರೆ ಈಗಲೂ ನನಗೆ ಶಿಕಾರಿಪುರದ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಯಲ್ಲಾಪುರದ ಕಡೆಯ ಸಿದ್ದಿ, ಅಮ್ಮ ಸೊರಬದವಳು. ನನಗೆ ಅಪ್ಪನದೇ ಕಡುಗಪ್ಪು ಬಣ್ಣ, ಅಪ್ಪನದೇ ಗುಂಗುರು ಕೂದಲು. ಸೊರಬದಲ್ಲಿ ಅಮ್ಮ ಒಬ್ಬಳೇ ಹೋಗಿ ಕೇಳಿದಾಗ ಖಾಲಿಯಿದ್ದ ಬಾಡಿಗೆ ಮನೆಗಳು, ಅಪ್ಪನೂ ನಾನೂ ಜೊತೆಗೆ ಹೋದ ಕೂಡಲೇ ಬೇರೆ ಯಾರಿಗೋ ಕೊಟ್ಟಾಗಿರುತ್ತಿದ್ದವು.

ಅವತ್ತು ಶಿಕಾರಿಪುರದ ಹೊಸ ಬಡಾವಣೆಯಲ್ಲಿ ಬಾಡಿಗೆಗಿದ್ದ ಮನೆಯೊಂದನ್ನು ನೋಡಲು ಹೋದಾಗ ಅಪ್ಪ ಗೇಟಿನ ಹೊರಗೇ ನಿಂತ.

"ನೀನೇ ಹೋಗಿ ನೋಡ್ಕಂಡು ಬಾ" ಎಂದ.

ಅಮ್ಮ ಅವನ ಅಂಗಿಯ ತೋಳು ಹಿಡಿದು ಎಳೆದಳು. "ಮೂವರೂ ಹೋಗಾಣ. ಇಲ್ಲ ಅನ್ನೋದಾದ್ರೆ ಈಗ್ಲೇ ಅನ್ಲಿ."

ಒಳಗೆ ಗೋಡೆಗಳು ಇನ್ನೂ ಒಣಗಿರಲಿಲ್ಲ. ಮನೆಯ ಒಡತಿ, ವಯಸ್ಸಾದ ಮುಸ್ಲಿಂ ಹೆಂಗಸು, ಬಾಗಿಲಲ್ಲಿ ನಿಂತ ಅಪ್ಪನನ್ನು ದಿಟ್ಟಿಸಿದರು.

"ಯಾವ ಕಡೆಯವ್ರಪ್ಪಾ?"

"ಯಲ್ಲಾಪುರ ಕಡೆಯವ್ನ್ರೀ. ಸಿದ್ದಿ."

"ಮೊದ್ಲೇ ಹೇಳ್ತೀನಿ ನೋಡ್ರೀ" ಎಂದರು ಅವರು. ಅಮ್ಮ ಆಗಲೇ ನನ್ನ ಕೈ ಹಿಡಿದು ಹೊರಡಲು ತಿರುಗಿದ್ದಳು. "ಇಲ್ಲಿ ನಲ್ಲಿ ನೀರು ದಿನಾ ಬರಲ್ಲ. ಆಮೇಲೆ ನನ್ನ ಬೈಬ್ಯಾಡ್ರಿ."

"ಅಷ್ಟೇನಾ?" ಅಮ್ಮ ಮತ್ತೆ ಅವರ ಕಡೆ ತಿರುಗಿದಳು.

"ಅದೇ ದೊಡ್ಡ ತ್ರಾಸು, ತಾಯಿ."

ಅಪ್ಪ ಚಪ್ಪಲಿ ಬಿಟ್ಟು ಹೊಸಿಲು ದಾಟಿ ಒಳಗೆ ಬಂದ.

"ಹಂಗಾದ್ರೆ ನೀರಿನ ಡ್ರಮ್ಮು ಎಲ್ಲಿ ಇಡಾಣ್ರೀ?"