ಗಂಟೆಗೆ ಮುಂಚೆ

ಸಂಕ್ರಾಂತಿ ಕಳೆದ ಶನಿವಾರ, ದೀಪ ಹಚ್ಚುವ ಹೊತ್ತು. ಕಡೂರಿನ ಹೈಸ್ಕೂಲು ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಟೀವಿಯಲ್ಲಿ ಹಿಂದೆ ‘ಗಂಟೆಗೆ ಮುಂಚೆ’ ಅಂತ ಒಂದು ಪ್ರಶ್ನೆಯ ಆಟ ಬರುತ್ತಿತ್ತು. ಗಂಟೆ ಬಾರಿಸುವುದರೊಳಗೆ ಉತ್ತರ ಹೇಳಬೇಕು. ಅದು ನಿಂತುಹೋದ ಮೇಲೆ ಜನ ಹಲುಬುತ್ತಲೇ ಇದ್ದರು. ಆ ವರ್ಷ, ಎಂಬತ್ತೆಂಟರಲ್ಲಿ, ಕಡೂರಿನ ಯುವಕ ಸಂಘದವರು ಅದನ್ನೇ ವೇದಿಕೆಯ ಮೇಲೆ ಮತ್ತೆ ಶುರು ಮಾಡಿದರು. ಈ ಸಲ ಆಡಲು ಕೂರಿಸಿದ್ದು ಹೆಸರು ಮಾಡಿದವರನ್ನು. ಗೆದ್ದವರ ಊರಿಗೆ ಒಂದು ಹೊಸ ಟೀವಿ.

ಕೊನೆಗೆ ಉಳಿದವರು ಇಬ್ಬರು. ಒಂದು ಕಡೆ ಅಜ್ಜಂಪುರದ ಷಡಕ್ಷರಿ, ಕಂಪನಿ ನಾಟಕದ ರಾಜಾಪಾರ್ಟು, ಸಿನಿಮಾದಲ್ಲೂ ಮುಖ ತೋರಿಸಿ ಬಂದವನು. ಇನ್ನೊಂದು ಕಡೆ ಸಿಂಗಟಗೆರೆಯ ಹುಲಿಗೆಮ್ಮ. ಭದ್ರಾವತಿ ರೇಡಿಯೊದಲ್ಲಿ ಸೋಬಾನೆ ಹಾಡಿ ಮೂರು ತಾಲ್ಲೂಕಿಗೂ ‘ರೇಡಿಯೊ ಹುಲಿಗೆಮ್ಮ’ ಆದವಳು. ಅವಳ ಗಂಡ ಈರಭದ್ರಪ್ಪ ಮುಂದಿನ ಸಾಲಿನಲ್ಲಿ ಊರಿನವರ ನಡುವೆ ಕೂತಿದ್ದ. ಅವನಿಗೂ ಒಂದು ಹೆಸರಿದೆ ಎಂಬುದೇ ಜನಕ್ಕೆ ಮರೆತುಹೋಗಿತ್ತು. ಸಂತೆಗೆ ಹೋದರೂ, ಬಸ್ಸು ಹತ್ತಿದರೂ ಅವನು ‘ರೇಡಿಯೊ ಹುಲಿಗೆಮ್ಮನ ಯಜಮಾನ್ರು’. ಊರೂರಿನ ದೇವರ ಹೆಸರೆಲ್ಲ ಹಾಡುವ ಹೆಂಡತಿಯ ಬಾಯಲ್ಲಿ ತನ್ನ ಹೆಸರನ್ನು ಒಮ್ಮೆ ಕೇಳಬೇಕೆಂಬ ಆಸೆ ಅವನಿಗಿತ್ತು, ಯಾರಿಗೂ ಹೇಳಿಕೊಂಡಿರಲಿಲ್ಲ.

ಇಬ್ಬರದೂ ಸರಿಸಮ. ಉಳಿದದ್ದು ಒಂದೇ ಪ್ರಶ್ನೆ, ಮೊದಲ ಸರದಿ ಹುಲಿಗೆಮ್ಮನದು. ಪ್ರಶ್ನೆ ಕೇಳುತ್ತಿದ್ದ ಪುಟ್ಟಯ್ಯ ಮೇಷ್ಟ್ರು ಮೈಕಿನ ಹತ್ತಿರ ಬಂದರು.

“ದಕ್ಷಬ್ರಹ್ಮನ ಯಜ್ಞ ಕೆಡಿಸಿದವರು ಯಾರು?”

ಮೈದಾನ ನಕ್ಕಿತು. ವೀರಗಾಸೆ ಕುಣಿಯುವ ಸೀಮೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ಮಾತು. ಟೀವಿ ಬಂದೇಬಿಟ್ಟಿತೆಂದು ಸಿಂಗಟಗೆರೆಯವರು ಎದ್ದು ನಿಂತರು. ಎದ್ದವರು ಹಾಗೇ ಈರಭದ್ರಪ್ಪನ ಕಡೆ ತಿರುಗಿ ಒಬ್ಬೊಬ್ಬರಾಗಿ ಕೂತರು. ಉತ್ತರ ವೀರಭದ್ರ, ಹಳ್ಳಿಯ ಬಾಯಲ್ಲಿ ಈರಭದ್ರ. ಕಟ್ಟಿಕೊಂಡ ಗಂಡನ ಹೆಸರು. ಹೆಂಡತಿ ಅದನ್ನು ಆಡಿದರೆ ಗಂಡನ ಆಯಸ್ಸಿಗೆ ಕೇಡು ಎಂದು ನಂಬಿದ ಹುಲಿಗೆಮ್ಮ ಮದುವೆಯಾದಂದಿನಿಂದ ಬಾಯಿ ತಪ್ಪಿಯೂ ಆಡಿರಲಿಲ್ಲ.

“ಅಲ್ಲಯ್ಯಾ, ನಿಮ್ಮಪ್ಪ ನಿಂಗೆ ಬೇರೆ ಹೆಸರು ಇಡಬಾರ್ದಿತ್ತಾ?” ಎಂದ ಪಕ್ಕದಲ್ಲಿದ್ದ ರಂಗಯ್ಯ.

ವೇದಿಕೆಯ ಮೇಲೆ ಹುಲಿಗೆಮ್ಮ ಮೆಲ್ಲಗೆ, “ಶಿವನ ಜಡೆಯಿಂದ ಹುಟ್ಟಿದ್ರಲ್ಲ, ಅವ್ರು ಕಣ್ರೀ” ಎಂದಳು.

“ಹೆಸ್ರು ಹೇಳ್ಬೇಕಮ್ಮ,” ಎಂದರು ಮೇಷ್ಟ್ರು.

“ಕೈಯಾಗೆ ಕತ್ತಿ ಹಿಡ್ಕಂಡವ್ರೆ. ನಿಮ್ಗೂ ಗೊತ್ತು.”

“ನಂಗೆ ಗೊತ್ತಿದ್ರೆ ಆಯ್ತಾ? ನೀವು ಹೇಳ್ಬೇಕು.”

ಷಡಕ್ಷರಿ ಮೀಸೆ ತೀಡಿದ. “ಅಕ್ಕಾ, ಕಷ್ಟ ಆದ್ರೆ ನಂಗೆ ಬಿಡಿ. ನಮ್ಮೂರಿಗೂ ಟೀವಿ ಬೇಕು.”

ಈರಭದ್ರಪ್ಪನಿಗೆ ಕೂತ ಕಡೆ ಕೂರಲಾಗಲಿಲ್ಲ. ಊರಿನ ಟೀವಿಗೆ ತನ್ನ ಹೆಸರೇ ಅಡ್ಡ ಮಲಗಿತ್ತು. ಎದ್ದು ನಿಂತು ಕೂಗಿದ. “ಹೇಳೇ ಹುಲಿಗಿ. ನಾನೇ ಹೇಳ್ತಿದೀನಿ, ಅಂದ್ಬಿಡು. ನಂಗೇನೂ ಆಗಾಕಿಲ್ಲ.”

“ನೀವು ಸುಮ್ನೆ ಕೂತ್ಕಳಿ,” ಅಂದಳು ಹುಲಿಗೆಮ್ಮ. ಅದೊಂದು ಮಾತ್ರ ಮೈಕಿನಲ್ಲಿ ಮೈದಾನಕ್ಕೆಲ್ಲ ಗಟ್ಟಿಯಾಗಿ ಕೇಳಿತು. ಜನ ಬಿದ್ದು ಬಿದ್ದು ನಕ್ಕರು.

ಗಂಟೆಯವನು ಕೈ ಎತ್ತಿದ. ಹುಲಿಗೆಮ್ಮ ಸೆರಗು ಬಿಗಿದು, ಕಿವಿಗೆ ಕೈ ಕೊಟ್ಟು, ಪದ ಎತ್ತಿದಳು.

“ಹರ ತನ್ನ ಜಡೆ ಕಿತ್ತು ನೆಲಕಪ್ಪಳಿಸ್ಯಾನು
ಉರಿಯಂಗೆ ಎದ್ದು ಕುಣಿದಾನು, ದಕ್ಷನ
ಗರುವದ ಹೋಮ ಮುರಿದಾನು, ನಮ್ಮ…”

ಗಂಟೆಯವನ ಕೈ ಎತ್ತಿದಲ್ಲೇ ನಿಂತಿತು. ಹಾಡಿನ ನಡುವೆ ಬಾರಿಸಲು ಅವನಿಗೆ ಮನಸ್ಸು ಬರಲಿಲ್ಲ. ಹುಲಿಗೆಮ್ಮ ತಟ್ಟನೆ ದನಿ ನಿಲ್ಲಿಸಿ ಜನರ ಕಡೆ ಕೈ ಚಾಚಿದಳು. ಸೋಬಾನೆಯ ರೀತಿಯೇ ಅದು. ಒಬ್ಬಳು ಎತ್ತಿ ಕೊಡುತ್ತಾಳೆ, ಹಿಮ್ಮೇಳದವರು ತುದಿ ಹಿಡಿಯುತ್ತಾರೆ. ಮುಂದೆ ಕೂತಿದ್ದ ಅವಳ ಜೊತೆಗಾತಿಯರು ಹಿಡಿದರು. ಅವರ ಹಿಂದಿನವರು ಹಿಡಿದರು. ಅಜ್ಜಂಪುರದವರೂ ಮೈಮರೆತು ಹಿಡಿದರು. “ಈರಭದ್ರ” ಎಂದು ಮೈದಾನಕ್ಕೆ ಮೈದಾನವೇ ಕೂಗಿದ್ದು ರೈಲ್ವೆ ಸ್ಟೇಷನ್ನಿಗೂ ಕೇಳಿತಂತೆ. ಈರಭದ್ರಪ್ಪನ ಮೈಯೆಲ್ಲ ಜುಮ್ಮೆಂದಿತು.

ಗದ್ದಲ ಇಳಿದ ಮೇಲೆ ಮೇಷ್ಟ್ರು ತಲೆಯಾಡಿಸಿದರು. “ಜನ ಹೇಳಿದ್ದು ಉತ್ತರ ಅಲ್ಲ, ಲೆಕ್ಕಕ್ಕಿಲ್ಲ. ಷಡಕ್ಷರಿಯವರೇ, ಈಗ ನಿಮ್ಮ ಸರದಿ. ಹೆಸರು ಹೇಳಿ, ಟೀವಿ ತಗೊಂಡು ಹೋಗಿ.”

ಷಡಕ್ಷರಿ ಮೈಕ್ ಹಿಡಿದ. ಬಾಯಿ ತೆರೆದ. ಮುಚ್ಚಿದ.

“ಮೇಷ್ಟ್ರೇ, ಪದ ಎತ್ಕೊಟ್ಟೋರು ಅವ್ರು. ಈಗ ನಾನು ಹೆಸ್ರು ಹೇಳಿದ್ರೆ ಏನಾಯ್ತೀನಿ? ಹುಲಿಗೆಮ್ಮನ ಹಿಮ್ಮೇಳದೋನು ಆಯ್ತೀನಿ. ನಾನು ರಾಜಾಪಾರ್ಟು ಕಣ್ರೀ. ಟೀವಿ ಅವ್ರಿಗೇ ಕೊಡಿ.”

ಟ್ರ್ಯಾಕ್ಟರಿನಲ್ಲಿ ಹುಲ್ಲು ಹಾಸಿ, ಟೀವಿ ಕೂರಿಸಿಕೊಂಡು ಹೊರಟಾಗ ದಾರಿಯುದ್ದಕ್ಕೂ ಜನ ಕರೆದದ್ದು ಹುಲಿಗೆಮ್ಮನನ್ನಲ್ಲ. “ಈರಭದ್ರಪ್ಪಾರೇ, ನಮಸ್ಕಾರ.” “ಈರಭದ್ರಪ್ಪಾರೇ, ಟೀವಿ ನೋಡಾಕೆ ಬತ್ತೀವಿ.” ಅವನು ತಾನೇ ಗೆದ್ದವನ ಹಾಗೆ ಎರಡೂ ಕೈ ಎತ್ತಿ ಮುಗಿಯುತ್ತ ಹೋದ.

ಸೋಮವಾರ ಬೆಳಿಗ್ಗೆ ಗಂಡ ಹೆಂಡತಿ ಕಡೂರು ಸ್ಟೇಷನ್ನಿಗೆ ಬಂದು, ಕಂಪನಿ ಸೇರಲು ಹೊರಟಿದ್ದ ಷಡಕ್ಷರಿಗೆ ಒಂದು ಗೊನೆ ಎಳನೀರು ಕೊಟ್ಟರು. ಅವನು ಕಿಟಕಿಯಿಂದ ಕೈ ಬೀಸಿದ. ರೈಲು ಹೋಯಿತು, ಪ್ಲಾಟ್‌ಫಾರಂ ಬರಿದಾಯಿತು. ಈರಭದ್ರಪ್ಪ ಅತ್ತ ಇತ್ತ ನೋಡಿದ.

“ಈಗ ಯಾರೂ ಇಲ್ಲ ಕಣೇ. ಒಂದೇ ಒಂದ್ಸಲ ಅಂದ್ಬಿಡು.”

ಹುಲಿಗೆಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡಳು.

“ಮೂರು ತಾಲ್ಲೂಕಿನ ಕೈಲಿ ಕೂಗಿಸಿದೀನಿ. ಇನ್ನೂ ನನ್ನ ಬಾಯೇ ಬೇಕಾ ನಿಮ್ಗೆ?”