ಹಿಮ್ಮಡಿಯ ಕಾಡಿಗೆ

ಉಗುಳು ಹಚ್ಚಿದ ಹೆಬ್ಬೆರಳಿನಿಂದ ದಾಕ್ಷಾಯಣಿ ಪಕ್ಕದ ಮನೆಯ ಅನ್ನಮ್ಮನ ಹಸುಗೂಸಿನ ಎಡ ಹಿಮ್ಮಡಿಯನ್ನು ಮೂರು ಸಲ ಉಜ್ಜಿದಳು. ಕಪ್ಪು ಮಚ್ಚೆ ಅಳಿಯಲಿಲ್ಲ. ಹೋದ ವರ್ಷ, ಐವತ್ತೇಳರಲ್ಲಿ, ಜ್ವರಕ್ಕೆ ತೀರಿಹೋದ ತನ್ನ ಮಗಳನ್ನು ಮಣ್ಣಿಗಿಡುವ ಮುನ್ನ ಅವಳು ಕಾಡಿಗೆಯ ಬೊಟ್ಟು ಇಟ್ಟದ್ದು ಅಲ್ಲೇ. ಮತ್ತೆ ಹುಟ್ಟಿ ಬಂದರೆ ಗುರುತು ಸಿಗುತ್ತದೆಂದು ಕಾಸರಗೋಡಿನ ಅಜ್ಜಿ ಹೇಳಿಕೊಟ್ಟಿದ್ದಳು. ಅವತ್ತು ಕಾಡಿಗೆಯ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತವಳು ಇದೇ ಅನ್ನಮ್ಮ.

"ಇವಳು ನನ್ನವಳು, ಅನ್ನಮ್ಮ. ಹಾಲು ನೀನೇ ಕೊಡು, ಹೆಸರೂ ನೀನೇ ಇಡು. ದಿನಕ್ಕೊಮ್ಮೆ ಎತ್ತಿಕೊಳ್ಳಲಿಕ್ಕೆ ಬಿಟ್ಟರೆ ಸಾಕು."

ಅನ್ನಮ್ಮ ಕೂಸನ್ನು ತನ್ನತ್ತ ಸೆಳೆದುಕೊಂಡಳು. "ನಮ್ಮ ಕ್ರೈಸ್ತರಲ್ಲಿ ಒಂದೇ ಜನ್ಮ, ಚೇಚಿ. ಸತ್ತವರು ಮತ್ತೆ ಹುಟ್ಟುವುದಿಲ್ಲ."

"ಹಾಗಾದರೆ ನನ್ನ ಕೂಸು ಎಲ್ಲಿದೆ?"

"ಇಗರ್ಜಿಯಲ್ಲಿ ಜ್ಞಾನಸ್ನಾನ ಆಗದ ಕೂಸು. ಸ್ವರ್ಗದಲ್ಲಂತೂ ಇಲ್ಲ."

ಎರ್ನಾಕುಲದ ಮೇ ತಿಂಗಳ ಸೆಕೆಗೆ ಗೋಡೆಯೂ ಬೆವರುತ್ತಿತ್ತು. ಅನ್ನಮ್ಮ ಎದ್ದುಹೋಗಿ, ಪೆಟ್ಟಿಗೆಯ ತಳದಿಂದ ಉಣ್ಣೆಯ ಕಾಲುಚೀಲ ಹುಡುಕಿ ತಂದು, ಕೂಸಿನ ಎಡಗಾಲಿಗೆ ಮಾತ್ರ ತೊಡಿಸಿ, ಮೇಲೆ ದಾರ ಸುತ್ತಿ ಬಿಗಿಯಾಗಿ ಗಂಟು ಹಾಕಿದಳು.